ಕೆಂಪನಂಜಮ್ಮ ದೊರೆಯ ಪಿನ್‌ಬಾಲ್ ಪೆಟ್ಟಿಗೆ ಬಿಚ್ಚಿದ ಕತೆ

ಒಂದಾನೊಂದು ಊರಿನಲ್ಲಿ... ತಡೀರಿ, ಸರಿಯಾಗಿ ಹೇಳಬೇಕು ಅಂದರೆ ಅಲ್ಲಿದ್ದದ್ದು ಎರಡು ಊರು. ನಡುವೆ ಒಂದು ಮಣ್ಣಿನ ಗೋಡೆ. ಆಚೆಯದು ಊರೇ ಅಲ್ಲ, ಊರಿನ ವೇಷ ಹಾಕಿಕೊಂಡು ಕೂತಿರುವ ಇನ್ನೇನೋ ಅಂತ ಈಚೆಯವರು ಅನ್ನುತ್ತಿದ್ದರು. ಈಚೆಯವರ ಬಗ್ಗೆ ಆಚೆಯವರೂ ಅದನ್ನೇ ಅನ್ನುತ್ತಿದ್ದರು. ನಮಗ್ಯಾಕೆ ತಕರಾರು? ಒಂದೇ ಊರು ಅಂತಿಟ್ಟುಕೊಳ್ಳೋಣ. ಹೆಸರು ಕೊಂಕನೂರು.

ಕೊಂಕನೂರಿನಲ್ಲಿ ಎಲ್ಲರಿಗೂ ಎಲ್ಲದರ ಮೇಲೂ ಅನುಮಾನ. ಹಾಲು ಕರೆಯುವ ಮುಂಚೆ ಹಸುವಿನ ಮುಖ ನೋಡುವರು. ಮಳೆ ಬಂದರೆ ಒಂದು ಹನಿ ನೆಕ್ಕಿ ನೋಡಿ ಆಮೇಲೆ ನೆನೆಯುವರು. ಕೋಳಿ ಕೂಗಿದರೆ ಬೆಳಗಾಯಿತು ಅಂತ ಏಳುವುದಿಲ್ಲ, ಇನ್ನೊಂದು ಕೋಳಿಯನ್ನು ಕೇಳುವರು.

ಆ ಊರಲ್ಲಿ ಕೆಂಪನಂಜಮ್ಮ ಅಂತ ಒಬ್ಬಳು ಮಿಸ್ತ್ರಿ ಇದ್ದಳು. ಹೊಲಿಗೆ ಮೆಷಿನ್ನು, ಗೋಡೆ ಗಡಿಯಾರ, ನೀರಿನ ಪಂಪು, ಏನು ಕೆಟ್ಟರೂ ಅವಳ ಬಾಗಿಲಿಗೇ ಬರಬೇಕು. ಅವಳಿಗೂ ಅನುಮಾನ ಇತ್ತು. ಆದರೆ ಮಿಕ್ಕವರು ಮನುಷ್ಯರ ಮೇಲೆ ಅನುಮಾನಪಟ್ಟು ಹಾಳಾದರು, ಅವಳು ಕಬ್ಬಿಣದ ಮೇಲೆ ಅನುಮಾನಪಟ್ಟು ಹೊಟ್ಟೆ ಹೊರೆದಳು.

ಅವಳಿಗೆ ಒಬ್ಬ ಅಣ್ಣ. ಹೆಸರು ಬೋರಲಿಂಗ. ಅವನು ಹನ್ನೊಂದು ವರ್ಷದಿಂದ ಒಂದು ಹುಣಸೆಮರವನ್ನು ತಬ್ಬಿ ಹಿಡಿದುಕೊಂಡು ನಿಂತಿದ್ದ.

ಯಾಕೆ ಅಂತ ಕೇಳಿ.

ಆ ಊರಿನ ದೊರೆ ಚೆಲುವರಾಜರಸು ಒಂದು ದಿನ ಆ ಮರದ ನೆರಳಲ್ಲಿ ಮಲಗಿದ್ದ. ಎದ್ದು ನೋಡುತ್ತಾನೆ, ಮುಖದ ಮೇಲೆ ಬಿಸಿಲು! ನೆರಳು ಹತ್ತು ಮಾರು ದೂರ ಹೋಗಿ ಕೂತಿದೆ. ದೊರೆಗೆ ಅನುಮಾನ ಬಂತು. "ನೆರಳು ಹೋಯ್ತು ಅಂದ್ಮೇಲೆ ಮರ ಹೋಗದೆ ಇರುತ್ತಾ? ಈ ಮರ ಕದ್ದು ಓಡಾಡ್ತಿದೆ," ಅಂದ. ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಹೋಗುತ್ತಿದ್ದ ಬೋರಲಿಂಗ ನಿಂತ. ನಿಲ್ಲಬಾರದಿತ್ತು. "ಮರ ಇದ್ದಲ್ಲೇ ಐತೆ ಬುದ್ಧಿ," ಅಂದ. ಅನ್ನಬಾರದಿತ್ತು.

ದೊರೆ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಅವನು ನಂಬುತ್ತಿದ್ದದ್ದು ಅರಮನೆಯ ಒಂದು ಪಿನ್‌ಬಾಲ್ ಪೆಟ್ಟಿಗೆಯನ್ನು. ಅವನ ತಾತನ ಕಾಲದಲ್ಲಿ ಹಡಗಿನಲ್ಲಿ ಬಂದದ್ದು. ನಾಲ್ಕು ಕಾಲಿನ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಇಳಿಜಾರು ಹಲಗೆ. ಹಿಡಿಯನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಚಿಮ್ಮಿಕೊಂಡು ಮೇಲೆ ಹೋಗಿ, ರಬ್ಬರ್ ಬಳೆ ತೊಟ್ಟ ಗೂಟಗಳಿಗೆ ಬಡಿದು ಬಡಿದು ಕೆಳಗೆ ಉರುಳುತ್ತದೆ. ಬಡಿದಾಗಲೆಲ್ಲ ಟಣ್ ಅಂತ ಗಂಟೆ. ಎದುರಿನ ಹಲಗೆಯಲ್ಲಿ ಅಂಕಿ ಬರೆದ ಚಕ್ರಗಳು ಕಟಕಟ ತಿರುಗುತ್ತವೆ. ಯಾರಾದರೂ ಒಂದು ಮಾತು ಹೇಳಿದರೆ ದೊರೆ ಗುಂಡು ಹೊಡೆಯುವನು. ಅಂಕಿ ಐನೂರು ದಾಟಿದರೆ ಮಾತು ನಿಜ. ದಾಟದಿದ್ದರೆ ಸುಳ್ಳು.

ಬೋರಲಿಂಗನ ಮಾತಿಗೆ ಮುನ್ನೂರ ಹತ್ತು ಬಂತು. ಸುಳ್ಳು. ಸುಳ್ಳು ಅಂದಮೇಲೆ ಮರ ಓಡಾಡುವುದು ನಿಜ. ಅದನ್ನು ಬಚ್ಚಿಟ್ಟವನು ಮರದ ಕಡೆಯವನು. ಮರದ ಕಡೆಯವನನ್ನೇ ಮರಕ್ಕೆ ಕಾವಲು ಹಾಕಬೇಕು.

"ತಬ್ಬಿ ಹಿಡ್ಕೋ," ಅಂದ ದೊರೆ. "ಕೆನ್ನೆ ಮರಕ್ಕೆ ತಾಗಿರಬೇಕು. ಕತ್ತು ತಿರುಗಿಸಿದ್ರೆ ಜೋಕೆ. ನೀನು ತಿರುಗೋದನ್ನೇ ಅದು ಕಾಯ್ತಿರುತ್ತೆ."

ಅವತ್ತು ಹಿಡಿದವನು ಹಿಡಿದೇ ಇದ್ದ. ಕೆಂಪನಂಜಮ್ಮ ದಿನಾ ಮಧ್ಯಾಹ್ನ ಹೋಗಿ, ಬೆನ್ನ ಹಿಂದೆ ನಿಂತು, ಮುದ್ದೆ ಮುರಿದು ಸಾರಲ್ಲಿ ಅದ್ದಿ, ಕೈ ಚಾಚಿ ಅಣ್ಣನ ಬಾಯಿಗೆ ಇಡುವಳು. ಹನ್ನೊಂದು ವರ್ಷ ಅವನು ನೋಡಿದ್ದು ತಂಗಿಯ ಕೈಯನ್ನು ಮಾತ್ರ.

ಹನ್ನೊಂದು ವರ್ಷದಲ್ಲಿ ಪೆಟ್ಟಿಗೆಯ ಮುಂದೆ ಯಾರ ಮಾತೂ ಐನೂರು ದಾಟಲಿಲ್ಲ. ಒಬ್ಬ ಹೆಂಗಸು "ಇವನು ನನ್ನ ಮಗ" ಅಂದಳು, ಇನ್ನೂರ ಎಂಬತ್ತು. ಮಗನನ್ನು ಬೇರೆ ಮನೆಗೆ ಕಳಿಸಿದರು. ಪೂಜಾರಿ "ಇವತ್ತು ಸೋಮವಾರ" ಅಂದ, ನಾನೂರು. ಸೋಮವಾರವನ್ನು ತೆಗೆದುಹಾಕಿದರು. ದೊರೆಗೆ ಬೇಜಾರಿರಲಿಲ್ಲ. "ಊರಿಗೆ ಊರೇ ಸುಳ್ಳು ಹೇಳುತ್ತೆ, ನಾನು ಮೊದಲೇ ಹೇಳಿರಲಿಲ್ವಾ?" ಅಂತ ಖುಷಿಯಾಗಿ ಊಟ ಮಾಡುವನು.

ಹೀಗಿರುವಾಗ ಅರಮನೆಗೆ ಒಂದು ಹೊಸ ನಿಲುವುಗನ್ನಡಿ ಬಂತು. ದೊರೆ ಅದರ ಮುಂದೆ ನಿಂತ. ಒಳಗೆ ಒಬ್ಬ ದಪ್ಪ ಮೀಸೆಯವನು ನಿಂತು ತನ್ನನ್ನೇ ಗುರಾಯಿಸುತ್ತಿದ್ದಾನೆ. ದೊರೆಗೆ ಅವನ ಮೇಲೆ ಅನುಮಾನ ಬಂತು. ಅಲ್ಲಿಂದ ಅನುಮಾನ ತನ್ನ ಮೇಲೇ ಬಂತು. ಪೆಟ್ಟಿಗೆಯ ಮುಂದೆ ಹೋಗಿ, "ನಾನು ಚೆಲುವರಾಜರಸು, ಈ ಊರಿನ ದೊರೆ," ಅಂತ ಹೇಳಿ ಗುಂಡು ಹೊಡೆದ.

ನಾನೂರ ಹತ್ತು.

ದಿವಾನ್ ಸುಬ್ಬನರಸಯ್ಯನವರು ಮೂರು ಸಲ ಕೆಮ್ಮಿ ಹೇಳಿದರು, "ಮಹಾಸ್ವಾಮಿ, ಪೆಟ್ಟಿಗೆಗೆ ಮೈ ಸರಿಯಿಲ್ಲ."

"ಯಾವಾಗಿಂದ?"

"ಇವತ್ತು ಬೆಳಿಗ್ಗೆಯಿಂದ. ನಿನ್ನೆವರೆಗೂ ಕಲ್ಲುಗುಂಡಿನ ಹಾಗಿತ್ತು."

ಕೆಂಪನಂಜಮ್ಮನಿಗೆ ಕರೆ ಹೋಯಿತು. ಅವಳು ಸಾಮಾನಿನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ದೊರೆ ಅವಳನ್ನು ಮೇಲಿಂದ ಕೆಳಗೆ ನೋಡಿ ಹೇಳಿದ, "ಏನಮ್ಮಾ ಮಿಸ್ತ್ರಿ, ಸವೆದಿರೋದನ್ನೆಲ್ಲ ತೆಗೆದು ಹೊಸದು ಹಾಕಬೇಕು. ಆದ್ರೆ ಏನೂ ಬದಲಾಗಬಾರದು."

"ಹೊಸದು ಹಾಕಿದ್ರೆ ಬದಲಾಗದೆ ಹೆಂಗಿರುತ್ತೆ ಬುದ್ಧಿ?"

"ಅದಕ್ಕೇ ನಿನ್ನನ್ನ ಕರೆಸಿದ್ದು. ಬದಲಾಗೋ ಹಾಗೆ ಹಾಕೋಕೆ ನಮಗೂ ಬರುತ್ತೆ."

ಅವಳ ಮೇಲೆ ಕಣ್ಣಿಡಲು ಒಬ್ಬ ಕಾವಲುಗಾರ ಬಂದ. ಅವನ ಮೇಲೆ ಕಣ್ಣಿಡಲು ಇನ್ನೊಬ್ಬ. ಆ ಇನ್ನೊಬ್ಬನ ಮೇಲೆ ಮತ್ತೊಬ್ಬ. ಹೀಗೆ ಹನ್ನೆರಡು ಜನ ಆದರು. ಹನ್ನೆರಡನೆಯವನ ಮೇಲೆ ಕಣ್ಣಿಡಲು ಜನ ಸಿಗದೆ ಅವನ ಕೈಗೆ ಒಂದು ಕನ್ನಡಿ ಕೊಟ್ಟರು.

ಕೆಂಪನಂಜಮ್ಮ ಗಾಜು ಸರಿಸಿ, ಹಲಗೆ ಎತ್ತಿ ನಿಲ್ಲಿಸಿದಳು. ಒಳಗೆ ಶಾವಿಗೆ ಚೆಲ್ಲಿದ ಹಾಗೆ ತಂತಿ. ಒಂದು ಮೂಲೆಯಲ್ಲಿ ಪುಟ್ಟ ಲೋಲಕ ತೂಗುತ್ತಿತ್ತು. ಯಾರಾದರೂ ಮೋಸ ಮಾಡಲು ಪೆಟ್ಟಿಗೆ ಅಲ್ಲಾಡಿಸಿದರೆ ಆಟ ನಿಲ್ಲಿಸುವುದು ಅದರ ಕೆಲಸ.

"ಯಾರದು ಅಲ್ಲಾಡಿಸಿದ್ದು?" ಅಂತ ಕೂಗಿತು ಲೋಲಕ.

"ನಾನು ಕಣಪ್ಪ, ಮಿಸ್ತ್ರಿ."

"ಎಲ್ಲಾರೂ ಹಂಗೇ ಅಂತಾರೆ," ಅಂತ ಲೋಲಕ ಅವಳ ಕಡೆಗೆ ಬೆನ್ನು ಮಾಡಿತು. ಲೋಲಕಕ್ಕೆ ಯಾವ ಕಡೆ ಬೆನ್ನು ಅಂತ ಕೇಳಬೇಡಿ. ಅದಕ್ಕೆ ಗೊತ್ತಿತ್ತು.

ಕೆಂಪನಂಜಮ್ಮ ಒಂದು ರಬ್ಬರ್ ಬಳೆ ಬಿಚ್ಚಿದಳು. ಅದು ಹಳೇ ಚಕ್ಕುಲಿಯ ಹಾಗೆ ಒಣಗಿ ಬಿರುಕು ಬಿಟ್ಟಿತ್ತು.

"ನೀನು ಸವೆದಿದ್ದೀಯ," ಅಂದಳು.

"ನಾನೆಲ್ಲಿ ಸವೆದೆ? ಮಿಕ್ಕೋರೆಲ್ಲ ಬೆಳೆದ್ರು," ಅಂದಿತು ರಬ್ಬರ್ ಬಳೆ.

ಹಿಡಿಯ ಹಿಂದಿನ ಸ್ಪ್ರಿಂಗು ಜೋತುಬಿದ್ದಿತ್ತು. "ಯಾಕಪ್ಪ ಹಿಂಗಿದ್ದೀಯ?" ಅಂದರೆ, "ಹನ್ನೊಂದು ವರ್ಷ ಸುಳ್ಳುಗಾರರಿಗೋಸ್ಕರ ಹಾರಿ ಹಾರಿ ಬೇಜಾರಾಯ್ತು," ಅಂತ ಆಕಳಿಸಿತು.

ಕೊನೆಗೆ ಅವಳು ಅಂಕಿಚಕ್ರಗಳ ಹತ್ತಿರ ಬಂದಳು. ನೂರರ ಚಕ್ರಕ್ಕೆ ಹಲ್ಲುಗಳಿದ್ದವು. ಒಂದೊಂದು ಹಲ್ಲನ್ನು ತಳ್ಳಿ ಚಕ್ರ ತಿರುಗಿಸಲು ಒಂದು ಪುಟ್ಟ ಕೊಕ್ಕೆ. ಕೊಕ್ಕೆಯ ತುದಿ ಸವೆದು ಮಕ್ಕಳ ಉಗುರಿನ ಹಾಗೆ ನುಣ್ಣಗಾಗಿತ್ತು. ಕೆಂಪನಂಜಮ್ಮ ಬೆರಳಿನಿಂದ ತಿರುಗಿಸಿ ನೋಡಿದಳು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಜಾರಿತು. ಮತ್ತೆ ತಿರುಗಿಸಿದಳು. ನಾಲ್ಕು. ಜಾರಿತು.

"ಐದು ನನ್ನ ಕೈಲಾಗಲ್ಲ ಕಣವ್ವಾ," ಅಂದಿತು ಕೊಕ್ಕೆ ಮೆಲ್ಲಗೆ. "ಹನ್ನೊಂದು ವರ್ಷ ಆಯ್ತು."

ಅಂದರೆ ಯಾರು ಏನು ಹೇಳಿದ್ದರೂ ಐನೂರು ಬರುತ್ತಲೇ ಇರಲಿಲ್ಲ. ಆ ಹೆಂಗಸಿನ ಮಗ ಅವಳ ಮಗನೇ. ಸೋಮವಾರ ಸೋಮವಾರವೇ. ಅಣ್ಣ ಹೇಳಿದ್ದು ನಿಜ.

"ಅಯ್ಯೋ ಪಾಪಿ, ಯಾರ್ಗೂ ಯಾಕೆ ಹೇಳ್ಲಿಲ್ಲ?" ಅಂತ ಪಿಸುಗುಟ್ಟಿದಳು.

"ಹೇಳ್ದೆ. ದಿವಾನರಿಗೇ ಹೇಳ್ದೆ. ನಾನು ಹೇಳಿದ್ದು ನಿಜವಾ ಅಂತ ಗುಂಡು ಹೊಡೆದು ನೋಡಿದ್ರು. ನಾನೂರು ಬಂತು."

ಕೆಂಪನಂಜಮ್ಮ ಕೊಕ್ಕೆ ಬಿಚ್ಚಿ ಪಕ್ಕಕ್ಕಿಟ್ಟಳು. ಕೂಗಿ ಹೇಳಿದರೆ ಯಾರು ನಂಬುತ್ತಾರೆ? ಮೊದಲು ಪೆಟ್ಟಿಗೆ ಸರಿಯಾಗಲಿ, ಆಮೇಲೆ ಪೆಟ್ಟಿಗೆಯ ಬಾಯಿಂದಲೇ ಹೇಳಿಸುತ್ತೇನೆ ಅಂತ ತನ್ನೊಳಗೇ ಅಂದುಕೊಂಡಳು. ಸೈಕಲ್ ಟ್ಯೂಬು ಕತ್ತರಿಸಿ ರಬ್ಬರ್ ಬಳೆ ಮಾಡಿದಳು. ಅರಮನೆ ಅಡುಗೆಮನೆಯ ಇಲಿಬೋನಿನಿಂದ ಸ್ಪ್ರಿಂಗು ಬಿಚ್ಚಿ ತಂದಳು. ಒಂದು ಗೋಡೆ ಗಡಿಯಾರದ ಕೊಕ್ಕೆ ತೆಗೆದು ಅರದಲ್ಲಿ ಉಜ್ಜಿ ಅಳತೆಗೆ ತಂದಳು. ಹಳೆಯದನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿದಳು.

ಜೋಡಿಸುವ ಮುಂಚೆ ದಿವಾನರು ತಡೆದರು. ಏನೂ ಬದಲಾಗಬಾರದಲ್ಲ? ಹೊಸ ಸಾಮಾನುಗಳನ್ನು ಸಾಲಾಗಿ ಇರಿಸಿ ವಿಚಾರಣೆ ಮಾಡಿದರು.

"ನೀನು ಹಳೇ ರಬ್ಬರ್ ಬಳೆ ಹೌದೋ ಅಲ್ಲವೋ?"

"ಹೌದು ಸ್ವಾಮಿ. ಮೊದ್ಲಿಂದ್ಲೂ ಇಲ್ಲೇ ಇದ್ದೆ. ಸೈಕಲ್ ಒಳಗಿದ್ದೆ, ಅಷ್ಟೇ."

"ನೀನು ಹಳೇ ಸ್ಪ್ರಿಂಗೋ?"

"ಇಲಿ ಎಲ್ಲಿ?" ಅಂದಿತು ಸ್ಪ್ರಿಂಗು.

"ನೀನು ಹಳೇ ಕೊಕ್ಕೆಯೋ?"

"ಮೂರೂ ಕಾಲು," ಅಂದಿತು ಕೊಕ್ಕೆ. ದಿವಾನರು ಕಿಟಕಿಯಿಂದ ಬಿಸಿಲು ನೋಡಿದರು. ಸರಿಯಾಗಿ ಮೂರೂ ಕಾಲೇ ಆಗಿತ್ತು. "ನಂಬಬಹುದು," ಅಂದರು.

ಎಲ್ಲ ಕೂಡಿಸಿದ್ದಾಯಿತು. ದೊರೆ ಹಿಡಿ ಎಳೆದ. "ನಾನು ಚೆಲುವರಾಜರಸು, ಈ ಊರಿನ ದೊರೆ." ಇಲಿಬೋನಿನ ಸ್ಪ್ರಿಂಗು ಛಟೀರ್ ಅಂತ ಒದೆಯಿತು. ಗುಂಡು ಹುಚ್ಚು ಹಿಡಿದ ಹಾಗೆ ಹಾರಾಡಿತು. ಟಣ್ ಟಣ್ ಟಣ್. ಎಂಟುನೂರ ಎಪ್ಪತ್ತು!

ದೊರೆ ಕುಣಿದಾಡಿದ. ಊರಿನವರನ್ನೆಲ್ಲ ಕರೆಸಿದ. ಸಾಲು ನಿಂತಿತು. ಒಬ್ಬ ಕಂಕುಳಲ್ಲಿ ಕೋಳಿ ಇಟ್ಟುಕೊಂಡು, "ನಾನು ಕೋಳಿ ಕದ್ದಿಲ್ಲ," ಅಂದ. ಏಳುನೂರು. ನಿಜ. ಕೋಳಿ "ನನ್ನನ್ನ ಕದ್ದಿದ್ದಾನೆ," ಅಂದಿತು. ಏಳುನೂರ ಇಪ್ಪತ್ತು. ಅದೂ ನಿಜ. ಒಬ್ಬ ಕುಡುಕ "ನಾನು ಬಾಳೆಗಿಡ" ಅಂದ. ಆರುನೂರ ನಲವತ್ತು. ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬುಡಕ್ಕೆ ನೀರು ಹಾಕಿದರು.

ಕೆಂಪನಂಜಮ್ಮ ಸಾಲಿನಲ್ಲಿ ನಿಂತಿದ್ದಳು. ಬಾಯಲ್ಲಿ ಒಂದೇ ಮಾತು ಇಟ್ಟುಕೊಂಡಿದ್ದಳು, ಹುಣಸೆಮರ ಎಲ್ಲೂ ಹೋಗಲ್ಲ, ಹುಣಸೆಮರ ಎಲ್ಲೂ ಹೋಗಲ್ಲ. ಅವಳ ಮುಂದೆ ಮೂರು ಜನ ಇದ್ದರು. ಆಮೇಲೆ ಇಬ್ಬರು. ಆಮೇಲೆ ಒಬ್ಬ.

"ನಿಲ್ಲಿಸಿ," ಅಂದ ದೊರೆ.

ಅವನ ಮುಖದ ಖುಷಿ ಇಂಗಿಹೋಗಿತ್ತು. "ನಿನ್ನೆವರೆಗೂ ಸುಳ್ಳು ಹೇಳ್ತಿದ್ದ ಊರು ಇವತ್ತು ನಿಜ ಹೇಳ್ತಿದೆ. ಇದರಲ್ಲೇನೋ ಇದೆ."

ಅದೇ ಹೊತ್ತಿಗೆ ಮೂಲೆಯಲ್ಲಿದ್ದ ಗೋಣಿಚೀಲ ಕೆಮ್ಮಿತು. "ದೊರೆಗಳೇ, ಅಲ್ಲಿ ನಿಂತಿರೋದು ಪೆಟ್ಟಿಗೆಯಲ್ಲ, ಬರೀ ಮರ. ಕೆಲಸ ಮಾಡ್ತಿದ್ದೋರು ನಾವು. ನಾವು ಎಲ್ಲಿರ್ತೀವೋ ಅದೇ ಪೆಟ್ಟಿಗೆ."

"ಸುಳ್ಳು! ನಾನೇ ಪೆಟ್ಟಿಗೆ," ಅಂತ ಪೆಟ್ಟಿಗೆ ಗಂಟೆ ಬಾರಿಸಿತು.

ಯಾವುದು ನಿಜ? ತೀರ್ಮಾನ ಮಾಡಲು ಪೆಟ್ಟಿಗೆಯಲ್ಲೇ ಗುಂಡು ಹೊಡೆದರು. ಚೀಲದ ಮಾತಿಗೆ ಏಳುನೂರ ಐವತ್ತು, ಪೆಟ್ಟಿಗೆಯ ಮಾತಿಗೆ ಏಳುನೂರ ಐವತ್ತು. ಇಬ್ಬರೂ ನಿಜ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಈ ಮಾತು ಒಳಮನೆಗೂ ಕೇಳಿಸಿತು. ಅಲ್ಲಿ ರಾಜಮಾತೆಯ ಕುಂಕುಮದ ಭರಣಿಯಲ್ಲಿ ದೊರೆಯ ಒಂದು ಹಳೇ ಹಲ್ಲು ಇತ್ತು. ಅದು ಬಿದ್ದ ಜಾಗಕ್ಕೆ ದೊರೆ ಬಂಗಾರದ ಹಲ್ಲು ಕಟ್ಟಿಸಿಕೊಂಡಿದ್ದ. ಹಲ್ಲು ಭರಣಿಯ ಮುಚ್ಚಳ ತಳ್ಳಿಕೊಂಡು ಆಸ್ಥಾನಕ್ಕೇ ಉರುಳಿಕೊಂಡು ಬಂತು.

"ಚೆಲುವರಾಜರಸು ನಾನು," ಅಂದಿತು. "ಇವನು ನನ್ನ ಸುತ್ತ ಇದ್ದೋನು ಅಷ್ಟೇ."

ಗುಂಡು ಹೊಡೆದರು. ಆರುನೂರ ಐವತ್ತು. ನಿಜ!

ಅಷ್ಟರಲ್ಲಿ ಕ್ಷೌರಿಕನ ಮನೆಯಿಂದ ಮೂವತ್ತು ವರ್ಷದ ಕೂದಲು ಗಾಳಿಯಲ್ಲಿ ಹಾರಿಕೊಂಡು ಹೊರಟಿದೆಯಂತೆ, ಉಗುರುಗಳು ಅದರ ಹಿಂದೆ ನಡೆದು ಬರುತ್ತಿವೆಯಂತೆ ಅಂತ ಸುದ್ದಿ ಬಂತು. ದೊರೆ ಸಿಂಹಾಸನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದುಕೊಂಡು ಬೆರಳು ಚಾಚಿದ. ಹೇಗೆ ಚಾಚಿದನೋ ನಾನು ಕಾಣೆ. ಬೆರಳು ಮಾತ್ರ ಕೆಂಪನಂಜಮ್ಮನ ಕಡೆಗಿತ್ತು.

"ಇವಳು! ಹೊಸದು ಹಾಕಿದ್ದು ಇವಳು. ಇವಳ ಸಾಮಾನು ಕಿತ್ಕೊಳ್ಳಿ. ಇನ್ನು ಈ ಊರಲ್ಲಿ ಇವಳು ಒಂದು ಮೊಳೆ ಕೂಡ ಮುಟ್ಟಬಾರದು."

"ವಿಚಾರಣೆ ಆಗಬೇಕು ಮಹಾಸ್ವಾಮಿ," ಅಂದರು ದಿವಾನರು. "ಆದರೆ ಪೆಟ್ಟಿಗೆಯಲ್ಲಿ ಬೇಡ. ಅದರಲ್ಲಿ ಇವಳು ಏನಂದರೂ ನಿಜವಾಗುತ್ತೆ. ಚೀಲದಲ್ಲಿ ಮಾಡೋಣ. ಒಂದೇ ಒಂದು ಮಾತು ಹೇಳಲಿ. ಸುಳ್ಳಾದರೆ ಅದರ ತದ್ವಿರುದ್ಧವೇ ಕಾನೂನು."

ಕೆಂಪನಂಜಮ್ಮ ಚೀಲವನ್ನು ನೋಡಿದಳು. ಅದನ್ನು ತುಂಬಿದವಳು ಅವಳೇ. ರಬ್ಬರ್ ಬಳೆ, ಸ್ಪ್ರಿಂಗು, ಕೊಕ್ಕೆ. ಅಂಕಿಚಕ್ರ ಇರಲಿಲ್ಲ. ಅಂಕಿ ಇಲ್ಲ ಅಂದರೆ ಸೊನ್ನೆ. ಸೊನ್ನೆ ಅಂದರೆ ಸುಳ್ಳು. ಏನು ಹೇಳಿದರೂ ಸುಳ್ಳೇ.

ಅವಳಿಗೆ ತಕ್ಷಣ ಗೊತ್ತಾಯಿತು. "ನನ್ನ ಸಾಮಾನು ಕಿತ್ಕೋಬೇಕು" ಅಂದುಬಿಟ್ಟರೆ ಅದು ಸುಳ್ಳಾಗುತ್ತದೆ, ಸಾಮಾನು ಉಳಿಯುತ್ತದೆ. ಅವಳ ಕೈ ತಾನಾಗಿಯೇ ಸಾಮಾನಿನ ಪೆಟ್ಟಿಗೆಯ ಮೇಲೆ ಹೋಯಿತು. ಸ್ಕ್ರೂಡ್ರೈವರಿನ ಮರದ ಹಿಡಿ ಇಪ್ಪತ್ತು ವರ್ಷದಲ್ಲಿ ಅವಳ ಅಂಗೈಯ ಆಕಾರಕ್ಕೇ ಸವೆದಿತ್ತು. ಅದು ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಆದರೆ ಒಂದೇ ಮಾತು. ಎರಡಿಲ್ಲ.

ಅವಳು ಸಾಮಾನಿನ ಪೆಟ್ಟಿಗೆಯ ಮೇಲಿಂದ ಕೈ ತೆಗೆದಳು.

"ಹುಣಸೆಮರಕ್ಕೆ ನಮ್ಮಣ್ಣನ ಕಾವಲು ಬೇಕೇ ಬೇಕು," ಅಂದಳು.

ದಿವಾನರು ಕಣ್ಣು ಕಿರಿದು ಮಾಡಿದರು. "ಒಡಹುಟ್ಟಿದೋಳಾಗಿ ಹೀಗಂತೀಯಾ?"

"ಇದ್ದಿದ್ದು ಹೇಳೋಕೆ ಅಣ್ಣ ಏನು, ತಂಗಿ ಏನು ಸ್ವಾಮಿ?"

ಚೀಲಕ್ಕೆ ಗುಂಡು ಹಾಕಿ ಕುಲುಕಿದರು. ಬಿಚ್ಚಿ ನೋಡಿದರು. ಅಂಕಿ ಇಲ್ಲ. "ಸುಳ್ಳು!" ಅಂತ ಕಿರುಚಿದ ದೊರೆ. ಅವನ ಮುಖ ಅರಳಿತು. "ನೋಡಿದ್ರಾ? ಸುಳ್ಳಿ! ಈ ಚೀಲವೇ ನಿಜವಾದ ಪೆಟ್ಟಿಗೆ. ಹಲ್ಲನ್ನೂ ಕೇಳಿ!" ಹಲ್ಲನ್ನೂ ಕೇಳಿದರು. ಸೊನ್ನೆ. ಅಷ್ಟರಲ್ಲಿ ಬಂದು ಸೇರಿದ ಕೂದಲು, ಉಗುರು, ಎಲ್ಲ ಸೊನ್ನೆ. ದೊರೆ ಮಾತ್ರ ಆ ಚೀಲದ ಮುಂದೆ ತಾನು ಯಾರು ಅಂತ ಬಾಯಿ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ. ಅದು ಇರುವ ಕೋಣೆಯಲ್ಲಿ ಕೆಮ್ಮುವುದೂ ಇಲ್ಲವಂತೆ.

ಕೆಂಪನಂಜಮ್ಮನ ಸಾಮಾನು ಕಿತ್ತುಕೊಂಡರು. ಬೋರಲಿಂಗನ ಕಾವಲು ರದ್ದಾಯಿತು.

ಅವಳು ಬರಿಗೈಯಲ್ಲಿ ಹುಣಸೆಮರದ ಹತ್ತಿರ ಓಡಿದಳು. "ಅಣ್ಣಾ, ಬಿಡು. ಮುಗೀತು. ಮನೆಗೆ ಹೋಗಾಣ."

ಬೋರಲಿಂಗ ಬಿಡಲಿಲ್ಲ. "ಬಿಟ್ರೆ ಓಡೋಗುತ್ತೆ ಕಣೆ."

"ಓಡಲ್ಲ. ಅವತ್ತು ನೀನೇ ಹೇಳಿದ್ದಲ್ಲಾ, ಇದ್ದಲ್ಲೇ ಐತೆ ಅಂತ? ನೀನು ಹೇಳಿದ್ದು ನಿಜ. ಕೊಕ್ಕೆ ಸವೆದಿತ್ತು, ನಾನೇ ಕಣ್ಣಾರೆ ನೋಡ್ದೆ."

"ಅವತ್ತು ಗೊತ್ತಿರ್ಲಿಲ್ಲ. ಹನ್ನೊಂದು ವರ್ಷ ಕಿವಿ ಕೊಟ್ಟು ನಿಂತಿದ್ದೀನಿ. ಒಳಗೆ ಏನೋ ಹೊಂಚು ಹಾಕ್ತಾ ಐತೆ."

ಕೆಂಪನಂಜಮ್ಮನಿಗೆ ಅಳು ಬಂತು. ತನ್ನ ಸಾಮಾನೆಲ್ಲ ಕೊಟ್ಟು ತಂದ ಬಿಡುಗಡೆ ಇವನಿಗೇ ಬೇಡವಾಗಿದೆ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತುಕ್ಕು ಹಿಡಿದ ತಿರುಪು ಬಿಚ್ಚುವ ಹಾಗೆ, ಮೆಲ್ಲಗೆ, ಮುರಿಯದ ಹಾಗೆ. ಹತ್ತನೆಯ ಬೆರಳು ಬಿಟ್ಟಿತು.

ಮರ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಸೀರೆಯ ನೆರಿಗೆ ಎತ್ತಿಕೊಳ್ಳುವ ಹಾಗೆ ಬೇರುಗಳನ್ನು ಎತ್ತಿಕೊಂಡು ನಡೆದೇಬಿಟ್ಟಿತು.

"ಏಯ್! ಎಲ್ಲಿಗೆ?" ಅಂದಳು ಕೆಂಪನಂಜಮ್ಮ.

"ನನ್ನ ನೆರಳು ದಿನಾ ಸಾಯಂಕಾಲ ಎಲ್ಲಿಗೋ ಹೊರಡುತ್ತೆ," ಅಂದಿತು ಮರ, ನಿಲ್ಲದೆ. "ಎಲ್ಲಿಗೆ ಅಂತ ನೋಡ್ಕೊಂಡು ಬರ್ತೀನಿ." ದಿನ್ನೆ ಹತ್ತಿ ಇಳಿದು ಹೋಯಿತು.

ಬೋರಲಿಂಗನ ಕೈ ಇನ್ನೂ ತಬ್ಬಿಕೊಂಡ ಹಾಗೇ ಇತ್ತು, ನಡುವೆ ಮರ ಇರಲಿಲ್ಲ. ಅವನು ಕತ್ತನ್ನು ಕಟಕಟ ಅನ್ನಿಸುತ್ತಾ ತಿರುಗಿಸಿ ಮೊದಲ ಸಲ ಹಿಂದೆ ನೋಡಿದ. ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಯಾರಮ್ಮಾ ನೀನು? ನನ್ನ ತಂಗಿ ದನಿಯಲ್ಲಿ ಮಾತಾಡ್ತೀಯ. ನನ್ನ ತಂಗಿ ಕೂದಲು ಕಪ್ಪು. ನಿಂದು ಬೆಳ್ಳಗೈತೆ. ನನ್ನ ತಂಗಿಗೆ ಬಾಯಿ ತುಂಬಾ ಹಲ್ಲು. ನಿನಗೆ ಎರಡಿಲ್ಲ."

ಪ್ರಮಾಣ ಮಾಡಿದರೆ ಯಾರು ಅಳೆಯುತ್ತಾರೆ? ಕೆಂಪನಂಜಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

"ಹೋಗಿದ್ದು ಹೋಯ್ತು ಅಣ್ಣಾ," ಅಂದಳು. "ಉಳಿದಿರೋದೆಲ್ಲ ನಾನೇ."

ಬೋರಲಿಂಗ ಅವಳ ಕೈ ನೋಡಿದ. ಅನುಮಾನ ಪೂರ್ತಿ ಹೋಗಲಿಲ್ಲ. "ಸರಿ ನಡಿ," ಅಂದ. "ದಾರೀಲಿ ನೋಡಾಣ."

ಈ ಊರಲ್ಲಿ ತಾನೇ ಮೊಳೆ ಮುಟ್ಟಬಾರದು ಅಂದಿದ್ದು? ಅಣ್ಣತಂಗಿ ಗೋಡೆ ದಾಟಿ ಆಚೆ ಊರಿಗೆ ಹೋದರು. ಆಚೆಯವರು ಅವಳನ್ನು ನಂಬಲಿಲ್ಲ. ನಂಬದಿದ್ದುದಕ್ಕೇ, ಅವಳು ರಿಪೇರಿ ಮಾಡಿಕೊಟ್ಟದ್ದನ್ನು ಬಿಚ್ಚಿ ನೋಡುವರು. ಬಿಚ್ಚಿ ಕೆಡಿಸಿ ಮತ್ತೆ ಅವಳ ಹತ್ತಿರವೇ ತರುವರು. ಕೈತುಂಬಾ ಕೆಲಸ. ಹೊಸ ಸ್ಕ್ರೂಡ್ರೈವರಿನ ಹಿಡಿ ಮೊದಲ ವರ್ಷ ಅಂಗೈ ಒತ್ತಿ ನೋಯಿಸಿತು, ಎರಡನೇ ವರ್ಷ ಸುಮ್ಮನಾಯಿತು. ಬೋರಲಿಂಗ ಜಗುಲಿಯ ಕಂಬಕ್ಕೆ ಒರಗಿ ಕೂತು ಬಂದವರ ಹತ್ತಿರ ಮಾತಾಡುವನು. ಕಂಬವನ್ನು ಮಾತ್ರ ಹಿಡಿದುಕೊಳ್ಳುವುದಿಲ್ಲ.

ಇದರ ನೀತಿ ಏನು ಅಂತ ಕೇಳಿದಿರಾ? ಇಲಿಬೋನು ಬಿಚ್ಚುವ ಮುಂಚೆ ಇಲಿಯನ್ನು ಒಂದು ಮಾತು ಕೇಳಿ. ಅಷ್ಟೇ.

ಕತೆ ನಂಬಿದವರಿಗೆ ಬೆಲ್ಲ, ನಂಬದವರಿಗೆ ಬೆಲ್ಲದ ಜೊತೆ ಹುರಿಗಡಲೆ, ಹೇಳಿದವರಿಗೆ ಒಂದು ಲೋಟ ನೀರು. ನೀರು ಕೊಡುವ ಮುಂಚೆ ನೀವೂ ಒಂದು ಗುಟುಕು ಕುಡಿದು ತೋರಿಸಿ.